ಹ್ಞೂಂ ಅನ್ನದ ಗೋಲ್‌ಕೀಪರ್

ನಮ್ಮ ಯಂಗ್ ಫ್ರೆಂಡ್ಸ್ ಫುಟ್‌ಬಾಲ್ ಕ್ಲಬ್ಬಿನಲ್ಲಿ ಯಂಗ್ ಅನ್ನಿಸಿಕೊಳ್ಳುವವರು ಯಾರೂ ಇರಲಿಲ್ಲ. ಎಲ್ಲರಿಗಿಂತ ಚಿಕ್ಕವನಾದ ಬೇಕರಿ ಜಬೀವುಲ್ಲಾನಿಗೇ ಮೂವತ್ತೊಂದು. ಫ್ರೆಂಡ್ಸ್ ಹೌದೋ ಅಲ್ಲವೋ ಎನ್ನುವುದು ಆವತ್ತು ಎಷ್ಟು ಗೋಲು ತಿಂದೆವು ಎಂಬುದರ ಮೇಲೆ ಹೋಗುತ್ತಿತ್ತು. ನಾನು ಗೋಲ್‌ಕೀಪರ್, ಹೆಸರು ಕರುಣಾಕರ, ವಯಸ್ಸು ನಲವತ್ತು, ಜೀವನಕ್ಕೆ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಮೂರು ವರ್ಷದಿಂದ ನಮ್ಮ ತಂಡ ಒಂದೇ ಒಂದು ಗೋಲು ಹೊಡೆದಿರಲಿಲ್ಲ. ತಿಂದದ್ದೆಷ್ಟು ಎಂದು ನಾನು ಹೇಳುವುದಿಲ್ಲ, ಅದನ್ನು ಹೇಳಿ ಸಂತೋಷಪಡುವವರು ಊರಲ್ಲಿ ಬೇಕಾದಷ್ಟಿದ್ದಾರೆ. ಎಂಟು ಊರುಗಳ ಲೀಗಿನಲ್ಲಿ ಎಂಟನೆಯ ಜಾಗ ನಮಗೆ ಬರೆದಿಟ್ಟ ಹಾಗಿತ್ತು. ಈ ವರ್ಷವೂ ಕೊನೆಯಲ್ಲೇ ಉಳಿದರೆ ಲೀಗಿನಿಂದ ತೆಗೆದುಹಾಕುತ್ತೇವೆ ಎಂದು ಲೀಗಿನವರು ಕಾಗದ ಬರೆದರು. ಹಾಗೇನಾದರೂ ಆದರೆ ಕ್ಲಬ್ಬು ಮುಚ್ಚಿದಂತೆಯೇ.

ನಮ್ಮೂರಿನಲ್ಲಿ ಯಾರಾದರೂ ಹೊರಡುವಾಗ ‘ಬರ್ತೀನಿ’ ಎಂದು, ಉಳಿದವರು ಅದಕ್ಕೆ ‘ಹ್ಞೂಂ, ಬಾ’ ಎಂದರೆ, ಹೋದವರು ಬರುತ್ತಾರೆ. ಬರಬೇಕು ಅನ್ನಿಸಿ ಬರುವುದಲ್ಲ, ಕಾಲೇ ಕರೆದುಕೊಂಡು ಬರುತ್ತದೆ. ಹತ್ತಿರ ಹೋದವರು ಬೇಗ ಬರುತ್ತಾರೆ, ದೂರ ಹೋದವರು ತಡವಾಗಿ. ಇಂಥ ದಿನ ಬಾ ಎಂದಿದ್ದರೆ ಆ ದಿನ ಮುಗಿಯುವುದರೊಳಗೆ ಬರುತ್ತಾರೆ. ಉತ್ತರ ಮಾತ್ರ ಹೊರಟವರು ಬೀದಿಯ ತಿರುವು ದಾಟುವ ಮೊದಲು ಸಿಗಬೇಕು. ಆಮೇಲೆ ಕೂಗಿಕೊಂಡರೆ ಏನೂ ಆಗುವುದಿಲ್ಲ. ಉತ್ತರ ಸಿಗದವರು ಅವರ ಪಾಡಿಗೆ ಅವರು. ನಮ್ಮೂರಿನವರು ಬೇರೆ ಊರಿಗೆ ಹೋದರೂ ಇದು ಅವರ ಜೊತೆಗೇ ಹೋಗುತ್ತದೆ.

ಇದಕ್ಕೆ ನಾವೆಲ್ಲ ಹೊಂದಿಕೊಂಡಿದ್ದೇವೆ. ಇನ್ಶೂರೆನ್ಸ್ ಏಜೆಂಟು ಬಾಗಿಲಲ್ಲಿ ನಿಂತು “ಬರ್ತೀನಿ ಸಾರ್” ಎಂದರೆ ಮನೆಮಂದಿಗೆಲ್ಲ ಒಟ್ಟಿಗೆ ಕೆಮ್ಮು ಬರುತ್ತದೆ. ನೆಂಟರು ಹೊರಡುವ ಹೊತ್ತಿಗೆ ಹ್ಞೂಂ ಅನ್ನಬೇಕೋ ಬೇಡವೋ, ಅಂದರೆ ಯಾರು ಅನ್ನಬೇಕು ಎಂದು ಅತ್ತೆ ಸೊಸೆಯರು ಅಡುಗೆಮನೆಯಲ್ಲಿ ಮೊದಲೇ ಮಾತಾಡಿಕೊಂಡಿರುತ್ತಾರೆ. ಹಲ್ಲಿನ ಡಾಕ್ಟರ್ ಸಾಂಬಮೂರ್ತಿಯವರ ಕ್ಲಿನಿಕ್ಕಿನಿಂದ ರೋಗಿಗಳು ಬಾಯಿ ಮುಚ್ಚಿಕೊಂಡು, ಬರೀ ಕೈಮುಗಿದು ಹೊರಬೀಳುತ್ತಾರೆ. ಆದರೆ ಏನೂ ಹೇಳದೆ ಒಬ್ಬರ ಪಕ್ಕದಿಂದ ಎದ್ದು ಹೋಗುವುದು ನಮ್ಮಲ್ಲಿ ತೀರಾ ಒರಟುತನ. ‘ಹೋಗ್ತೀನಿ’ ಅನ್ನುವುದಂತೂ ಬಾಯಲ್ಲಿ ತರುವ ಮಾತಲ್ಲ.

ಈ ಸಾಂಬಮೂರ್ತಿಯವರೇ ನಮ್ಮ ಕ್ಲಬ್ಬಿನ ಅಧ್ಯಕ್ಷರು, ಬಹಳ ಮರ್ಯಾದಸ್ಥರು. ಮ್ಯಾನೇಜರನ್ನು ಕೆಲಸದಿಂದ ತೆಗೆದಾಗಲೆಲ್ಲ ಆತ “ಸರಿ ಡಾಕ್ಟ್ರೇ, ಬರ್ತೀನಿ” ಎನ್ನುವುದು, ಹೊಟ್ಟೆಯ ಮೇಲೆ ಹೊಡೆದು ಒಂದು ಮಾತೂ ಆಡದೆ ಕಳಿಸುವುದು ಹೇಗೆ ಎಂದು ಇವರು “ಹ್ಞೂಂ, ಬನ್ನಿ” ಎನ್ನುವುದು. ಹೀಗಾಗಿ ನಮ್ಮ ಕ್ಲಬ್ಬಿನ ಆರು ಮಾಜಿ ಮ್ಯಾನೇಜರುಗಳು ದಿನಾ ಸಂಜೆ ಐದಕ್ಕೆ ಸರಿಯಾಗಿ ಮೈದಾನಕ್ಕೆ ಬರುತ್ತಿದ್ದರು. ಎದ್ದು ಹೊರಡುವಾಗ ಮತ್ತೆ ಬರ್ತೀನಿ, ಮತ್ತೆ ಹ್ಞೂಂ, ಬನ್ನಿ. ಅವರಿಗಾಗಿ ಒಂದು ಉದ್ದನೆಯ ಬೆಂಚು ಮಾಡಿಸಿದ್ದೆವು. ಒಬ್ಬರು ಮುಂದೆ ಹೋಗಿ ಎಂದರೆ ಇನ್ನೊಬ್ಬರು ಹಿಂದೆ ಬನ್ನಿ ಎನ್ನುತ್ತಿದ್ದರು. ಸೋಲಿಗೆ ಒಬ್ಬರು ಬೂಟು ಕಾರಣ ಎಂದಿದ್ದರು, ಒಬ್ಬರು ಇಡ್ಲಿ, ಒಬ್ಬರು ಮೈದಾನದ ದಿಕ್ಕು.

ಕಮಿಟಿಯವರು ಕೂತು ಯೋಚಿಸಿ, ಏಳನೆಯವನು ಹೊರಗಿನವನಾಗಿರಲಿ, ತೆಗೆದರೆ ಹೋಗುವಂಥವನಾಗಿರಲಿ ಎಂದು ತೀರ್ಮಾನಿಸಿದರು. ಅರ್ಜಿ ಬಂದದ್ದು ಒಂದೇ. ಗುರುಪಾದಪ್ಪ ಹಂಚಿನಮನಿ, ಗೂಡ್ಸ್ ಗಾಡಿಯ ಗಾರ್ಡ್ ಆಗಿ ನಿವೃತ್ತರಾದವರು, ಉತ್ತರದ ಕಡೆಯವರು, ಅರವತ್ತೊಂದು ವರ್ಷ, ಹಿಂದೊಮ್ಮೆ ರೈಲ್ವೆ ತಂಡದಲ್ಲಿ ಆಡಿದ್ದರಂತೆ. ಸಂದರ್ಶನದಲ್ಲಿ ಸಾಂಬಮೂರ್ತಿಯವರು, “ತಂಡ ಸೋತ್ರೆ ಏನ್ ಮಾಡ್ತೀರಿ?” ಎಂದು ಕೇಳಿದರು. “ಹೋಗ್ತೀನ್ರಿ,” ಎಂದರು ಗುರುಪಾದಪ್ಪ. ಕಮಿಟಿಯವರು ಒಂದು ಕ್ಷಣ ಮುಖ ಮುಖ ನೋಡಿಕೊಂಡರು. ಆಮೇಲೆ ಅಲ್ಲೇ ಆರ್ಡರ್ ಕೊಟ್ಟರು.

ಹೊಸ ಮ್ಯಾನೇಜರು ಮೊದಲ ದಿನ ಬರುವಾಗ ಕಂಕುಳಲ್ಲಿ ಒಂದು ಮಡಚುವ ಸ್ಟೂಲು ತಂದರು. ಮಾಜಿಗಳು ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಟ್ಟರು. ಇವರು ಆ ಕಡೆ ತಿರುಗಿಯೂ ನೋಡದೆ ಸೀದಾ ನನ್ನ ಗೋಲಿನ ಹಿಂದೆ, ಬಲೆಯ ಆಚೆ ಸ್ಟೂಲು ಹಾಕಿ ಕೂತರು. ಅಲ್ಲಿಂದ ಆಟ ಕಾಣುವುದಿಲ್ಲ ಎಂದೆ. “ಮೂವತ್ತು ವರ್ಸ ಗಾಡಿಯ ಕಡೀ ಡಬ್ಬಿಯೊಳಗ ಕುಂತೀನ್ರಿ. ನನಗ ಹಿಂದಿಂದ ನೋಡಿದ್ರನ ತಿಳಿಯೋದು,” ಎಂದರು. ಹತ್ತು ದಿನ ಹಾಗೇ ಕೂತಿದ್ದರು. ಒಂದು ಮಾತಿಲ್ಲ, ಒಂದು ಕೂಗಿಲ್ಲ, ಮಡಿಲಲ್ಲಿ ಒಂದು ನೋಟ್‌ಬುಕ್ಕು. ಇವರಿಗೆ ಫುಟ್‌ಬಾಲೇ ಗೊತ್ತಿಲ್ಲ ಎಂದು ಬೆಂಚಿನ ಕಡೆಯಿಂದ ಸುದ್ದಿ ಹಬ್ಬಿತು. ಅವರ ಮೊದಲ ಪಂದ್ಯವನ್ನು ನಾವು ನಾಲ್ಕು ಸೊನ್ನೆಯಲ್ಲಿ ಸೋತಾಗ ನನಗೂ ಹಾಗೇ ಅನ್ನಿಸಿತು.

ಪಂದ್ಯ ಮುಗಿದ ಮೇಲೆ ನನ್ನನ್ನು ಕರೆದರು. “ಕರುಣಾಕರ ಅವ್ರ, ಆಡೋ ಮುಂದ ನೀವು ಏನೋ ಅಂತಿರ್ತೀರಲ್ಲ, ಏನದು?”

“ನಾನೇನೂ ಅನ್ನಲ್ಲ ಸಾರ್.”

“ಅಂತೀರಿ. ಇವತ್ತ ನಲವತ್ತಾರು ಸಲ ಅಂದ್ರಿ.” ನೋಟ್‌ಬುಕ್ ತೆಗೆದು ಮುಂದೆ ಹಿಡಿದರು. ರೈಲು ಬಂದದ್ದು ಹೋದದ್ದನ್ನು ಬರೆಯುವ ಹಾಗೆ ಬರೆದಿದ್ದರು. ‘4.12: ಜಬೀವುಲ್ಲಾ, ಬರ್ತೀನಿ. ಕೀಪರ್, ಹ್ಞೂಂ ಬಾ. 4.13: ಜಬೀವುಲ್ಲಾ ವಾಪಸ್. ಬಾಲ್ ಅಲ್ಲೇ.’ ಪುಟದ ತುಂಬ ಇದೇ. ಹೆಸರು ಮಾತ್ರ ಬೇರೆ ಬೇರೆ.

ನಾನು ಅಲ್ಲೇ ಕೂತುಬಿಟ್ಟೆ. ನಮ್ಮವರು ಚೆಂಡು ಹಿಡಿದು ಮುಂದಕ್ಕೆ ಹೊರಡುವಾಗ ಒಂದು ಮಾತು ಹೇಳಿ ಹೊರಡುತ್ತಿದ್ದರು. ಯಾರಿಗೆ ಹೇಳುವುದು, ಮನೆ ಕಾಯುವ ಹಾಗೆ ಹಿಂದೆ ನಿಂತವನಿಗೆ ತಾನೆ. ನಾನು ಉತ್ತರ ಕೊಡುತ್ತಿದ್ದೆ. ಅವರು ಎದುರಿನ ಗೋಲಿನ ಹತ್ತು ಹೆಜ್ಜೆ ದೂರದವರೆಗೆ ಹೋಗಿ, ಚೆಂಡನ್ನು ಅಲ್ಲೇ ಬಿಟ್ಟು, ನನ್ನ ಬಳಿಗೆ ಬರುತ್ತಿದ್ದರು. ಅವರು ಅದನ್ನು ದಮ್ಮು ಸಾಲದ್ದು ಎಂದುಕೊಂಡಿದ್ದರು. ಹುಟ್ಟಿದಾಗಿನಿಂದ ಆಡುವ ಮಾತು, ಆಡಿದ್ದೇ ಗೊತ್ತಾಗುವುದಿಲ್ಲ. ಹೊರಗಿನವರೊಬ್ಬರು ಬಂದು ಬರೆದು ತೋರಿಸಬೇಕಾಯಿತು.

“ಮೊದಲೂ ಅಂತಿದ್ರೇನು?” ಎಂದು ಕೇಳಿದರು ಗುರುಪಾದಪ್ಪ.

“ಇಲ್ಲ. ಮೂರು ವರ್ಷದಿಂದ.”

“ಮೂರು ವರ್ಸದ ಹಿಂದ ಏನಾತು?”

ಊರಿಗೆಲ್ಲ ಗೊತ್ತಿದ್ದ ವಿಷಯವನ್ನು ಅವರೊಬ್ಬರಿಗೆ ಹೇಳಿದೆ. ನನ್ನ ಹೆಂಡತಿ ವನಮಾಲಾಳ ಅಕ್ಕನ ಮನೆ ಗೃಹಪ್ರವೇಶ, ಬೇರೆ ಊರಿನಲ್ಲಿ, ಒಂದು ಭಾನುವಾರ. ನಮ್ಮ ಪಂದ್ಯವೂ ಆವತ್ತೇ. ಇದೊಂದು ಸಲ ಬನ್ನಿ ಎಂದು ಅವಳು, ನಾನಿಲ್ಲದೆ ತಂಡ ಹೇಗೆ ಆಡುತ್ತದೆ ಎಂದು ನಾನು. ಒಂದು ವಾರ ಇದೇ ಜಗಳ. ಕೊನೆಗೆ ಅವಳೊಬ್ಬಳೇ ಬ್ಯಾಗು ಹಿಡಿದು ಹೊಸ್ತಿಲಲ್ಲಿ ನಿಂತು “ಬರ್ತೀನಿ” ಎಂದಳು. ನಾನು ಗ್ಲೌಸು ಹಾಕಿಕೊಳ್ಳುತ್ತಿದ್ದೆ. ಉತ್ತರ ಕೊಡಲಿಲ್ಲ. ಗ್ಲೌಸಿನ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದೆ, ಅದಕ್ಕೇ ಮಾತಾಡಲಾಗಲಿಲ್ಲ ಎಂದು ಊರವರಿಗೆ ಹೇಳಿದ್ದೇನೆ. ಕಚ್ಚಿಕೊಂಡಿರಲಿಲ್ಲ. ಸಿಟ್ಟಿತ್ತು, ಅಷ್ಟೆ. ಅವಳು ತಿರುವು ದಾಟಿದ ಮೇಲೆ ಓಡಿಹೋಗಿ “ಹ್ಞೂಂ, ಬಾ” ಎಂದು ಕೂಗಿದೆ. ಆಗಷ್ಟೇ ಎದುರು ಮನೆಯಲ್ಲಿ ಬರ್ತೀನಿ ಎಂದು ಹೊರಟಿದ್ದ ಪಾತ್ರೆ ವ್ಯಾಪಾರಿ ವಾಪಸು ಬಂದ. ಆವತ್ತು ಏಳು ಗೋಲು ತಿಂದೆ. ಅವಳು ಬರಲಿಲ್ಲ. ಅಂದಿನಿಂದ ಯಾರು ಬರ್ತೀನಿ ಎಂದರೂ, ಅವರ ಬಾಯಿ ಮುಚ್ಚುವುದರೊಳಗೆ ಹ್ಞೂಂ ಬಾ ಎಂದುಬಿಡುತ್ತೇನೆ. ಇನ್ಶೂರೆನ್ಸಿನವನಿಗೂ ಅನ್ನುತ್ತೇನೆ. ನನಗೆ ಒಂಬತ್ತು ಪಾಲಿಸಿಗಳಿವೆ.

ಗುರುಪಾದಪ್ಪ ನೋಟ್‌ಬುಕ್ ಮುಚ್ಚಿ ಜೇಬಿಗಿಟ್ಟರು. “ಆಟದಾಗ ಮಾತ್ರ ಸುಮ್ಮಕಿರ್ರಿ. ಮನ್ಯಾಗ ಯಾರಿಗೆ ಬೇಕಾದ್ರ ಅನ್ರಿ.”

ಹೇಳಿದಷ್ಟು ಸುಲಭವಾಗಿರಲಿಲ್ಲ. ಆಟಗಾರರು ಏನೂ ಹೇಳದೆ ಹೊರಡಲಿ ಎಂದು ನೋಡಿದೆವು, ಹೆಜ್ಜೆ ಎತ್ತುವುದಕ್ಕೇ ಅವರಿಗೆ ಸಂಕೋಚ. ನಾನು ಬಾಯಲ್ಲಿ ನೀರು ತುಂಬಿಕೊಂಡು ನಿಂತೆ, ಮೊದಲ ಬರ್ತೀನಿಗೇ ನುಂಗಿ ಉತ್ತರ ಕೊಟ್ಟೆ. ಆಗ ಗುರುಪಾದಪ್ಪ ಒಂದು ಉಪಾಯ ಮಾಡಿದರು. ನಮ್ಮವರು ಬಾಯಿ ತೆರೆದ ಕೂಡಲೇ ಹಿಂದಿನಿಂದ “ಟೈಮೆಷ್ಟಾತ್ರೀ?” ಎಂದು ಕೇಳುತ್ತಿದ್ದರು. ಹಿರಿಯರು ಕೇಳಿದ್ದಕ್ಕೆ ಉತ್ತರ ಕೊಡದೆ ಇರಲಾಗುತ್ತದೆಯೇ. ನಾನು ತಿರುಗಿ “ನಾಲ್ಕೂಕಾಲು” ಎನ್ನುವುದರೊಳಗೆ ಹುಡುಗರು ಅರ್ಧ ಮೈದಾನ ದಾಟಿರುತ್ತಿದ್ದರು. ಗಡಿಯಾರ ನೋಡುತ್ತ ಒಂದು ಗೋಲು ತಿಂದೆ, ಆದರೂ ಅವರು ಕೇಳುವುದನ್ನು ಬಿಡಲಿಲ್ಲ.

ಹಾಗೆ ಜಬೀವುಲ್ಲಾ ಮೂರು ವರ್ಷದ ಮೊದಲ ಗೋಲು ಹೊಡೆದ. ಹೊಡೆದ ಮೇಲೆ ಮುಂದೇನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಎದುರು ತಂಡದ ಗೋಲ್‌ಕೀಪರನ ಬಳಿ ಹೋಗಿ ಕ್ಷಮಿಸಿ ಅಣ್ಣ ಎಂದ. ಆ ಪಂದ್ಯ ಒಂದು ಒಂದಕ್ಕೆ ಡ್ರಾ ಆಯಿತು. ಮುಂದಿನ ಐದರಲ್ಲಿ ಎರಡು ಗೆದ್ದೆವು. ಪತ್ರಿಕೆಯವರು ಬಂದು ಹೊಸ ಮ್ಯಾನೇಜರನ್ನು ತಂಡದ ಭವಿಷ್ಯದ ಬಗ್ಗೆ ಕೇಳಿದರು. “ಗಾಡಿ ಹೊಂಟೈತ್ರಿ,” ಎಂದರು ಅವರು. ಎಲ್ಲಿಗೆ ಎಂದು ಕೇಳಿದ್ದಕ್ಕೆ ಅದು ಡ್ರೈವರಿಗೆ ಗೊತ್ತು ಎಂದರು. ಎರಡು ಪಂದ್ಯ ಉಳಿದಿದ್ದವು. ಒಂದನ್ನು ಹೊರಗೆ ಗೆಲ್ಲಬೇಕು, ಕೊನೆಯದನ್ನು ನಮ್ಮೂರಲ್ಲಿ ಸೋಲಬಾರದು. ಅಷ್ಟಾದರೆ ಕ್ಲಬ್ಬು ಉಳಿಯುತ್ತದೆ. ಹೊರಗಿನ ಪಂದ್ಯ ಇದ್ದದ್ದು ವನಮಾಲಾಳ ಅಕ್ಕನ ಊರಿನಲ್ಲಿ, ಬಸ್ಸಿನಲ್ಲಿ ಎರಡು ಗಂಟೆಯ ದಾರಿ.

ಅಲ್ಲಿ ಆಟ ಶುರುವಾಗುವ ಮೊದಲೇ ರೆಫ್ರಿ ಬಂದು ಗೋಲಿನ ಹಿಂದೆ ಯಾರೂ ಕೂರುವಂತಿಲ್ಲ ಎಂದ. ಗುರುಪಾದಪ್ಪ ಸ್ಟೂಲು ಮಡಚಿಕೊಂಡು ಮೈದಾನದ ಬದಿಯ ಬೆಂಚಿನ ಕಡೆ ಹೊರಟರು. “ಟೈಮು ನೀವಾ ನೋಡ್ಕೊಳ್ರಿ ಇವತ್ತ,” ಎಂದಷ್ಟೇ ಹೇಳಿದರು. ಮೊದಲರ್ಧದಲ್ಲಿ ನಾನು ಹತ್ತೊಂಬತ್ತು ಸಲ ಹ್ಞೂಂ ಅಂದೆ. ಹತ್ತೊಂಬತ್ತು ಸಲವೂ ನಮ್ಮವರು ವಾಪಸು ಬಂದರು. ಗೋಲು ತಿನ್ನಲಿಲ್ಲ, ಏಕೆಂದರೆ ಇಡೀ ತಂಡ ನನ್ನ ಸುತ್ತಲೇ ಇತ್ತು. ವಿರಾಮದಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎರಡನೆಯ ಅರ್ಧದಲ್ಲಿ ಎಡಗಡೆಯ ಮೆಟ್ಟಿಲ ಮೇಲೆ ವನಮಾಲಾ ಕಂಡಳು. ಅಕ್ಕನ ಜೊತೆ ಕೂತು ಪೊಟ್ಟಣದಿಂದ ಕಡಲೆಕಾಯಿ ತಿನ್ನುತ್ತಿದ್ದಳು. ಮೂರು ವರ್ಷದ ಮೇಲೆ ನೋಡುತ್ತಿದ್ದೆ. ಕನ್ನಡಕ ಬಂದಿತ್ತು. ಅವಳು ನನ್ನನ್ನು ನೋಡುತ್ತಿದ್ದಳೋ ಆಟವನ್ನೋ ಗೊತ್ತಾಗಲಿಲ್ಲ.

ಇನ್ನು ಆರು ನಿಮಿಷ ಇರುವಾಗ ನಾನು ಹಿಡಿದ ಚೆಂಡನ್ನು ಜಬೀವುಲ್ಲಾನ ಕಾಲಿಗೆ ಉರುಳಿಸಿದೆ. ಅವನು ನನ್ನ ಕಡೆ ತಿರುಗಿ “ಬರ್ತೀನಿ ಕರುಣಣ್ಣ” ಎಂದ. ಉತ್ತರ ನನ್ನ ಗಂಟಲಿಗೆ ಬಂದಾಗಿತ್ತು. ಅದನ್ನು ನಾನು ಹೇಗೆ ಹಿಡಿದೆ ಎಂದು ಇವತ್ತಿಗೂ ತಿಳಿಯದು. ಅವನು ಒಂದು ಕ್ಷಣ ಕಾದ. ಅವನ ಮುಖ ಸಣ್ಣದಾಯಿತು. ಆವತ್ತು ಹೊಸ್ತಿಲಲ್ಲಿ ಅವಳ ಮುಖವೂ ಹೀಗೇ ಆಗಿದ್ದಿರಬೇಕು, ನಾನು ತಲೆ ಎತ್ತಿ ನೋಡಿರಲಿಲ್ಲ. ಜಬೀವುಲ್ಲಾ ತಿರುಗಿ ಓಡಿದ. ನಡುಗೆರೆ ದಾಟಿದ, ಇಬ್ಬರನ್ನು ದಾಟಿದ, ನಿಲ್ಲಲಿಲ್ಲ, ತಿರುಗಲಿಲ್ಲ. ಬಲೆ ಅಲುಗಿದ್ದು ಮೊದಲು ಕಂಡಿತು, ಕೂಗು ಆಮೇಲೆ ಕೇಳಿಸಿತು.

ಎಲ್ಲರೂ ಅವನ ಮೇಲೆ ಬಿದ್ದರು. ಅವನು ಅವರನ್ನೆಲ್ಲ ಬಿಡಿಸಿಕೊಂಡು, ಇಡೀ ಮೈದಾನ ನಡೆದು, ನನ್ನ ಹತ್ತಿರ ಬಂದ. ಬಂದು ಹೆಗಲ ಮೇಲೆ ಕೈ ಹಾಕಿದ. “ನಾನು ಬಾ ಅನ್ನಲೇ ಇಲ್ವಲ್ಲೋ,” ಎಂದೆ. “ಅನ್ನದಿದ್ರೇನಣ್ಣ, ಬರಬಾರ್ದಾ?” ಎಂದ.

ಉಳಿದ ಕೆಲವು ನಿಮಿಷ ಹೇಗೆ ಆಡಿದೆನೋ ನೆನಪಿಲ್ಲ. ಗೆದ್ದೆವು. ನನಗೆ ಗೆದ್ದ ಖುಷಿ ಆಗಲಿಲ್ಲ. ಮೂರು ವರ್ಷ ನಾನು ಒಂದು ಸಮಾಧಾನದ ಮೇಲೆ ಬದುಕಿದ್ದೆ. ನಾನು ಹ್ಞೂಂ ಅನ್ನಲಿಲ್ಲ, ಅದಕ್ಕೇ ಅವಳ ಕಾಲು ಅವಳನ್ನು ಕರೆತರಲಿಲ್ಲ, ತಪ್ಪು ಒಂದು ಮಾತಿನದು ಎಂದು. ಉತ್ತರ ಸಿಗದವರು ಬರಬಾರದು ಎಂದು ನಮ್ಮೂರಲ್ಲಿ ಯಾರೂ ಹೇಳಿರಲಿಲ್ಲ.

ಬಸ್ಸು ಹೊರಡಲು ಅರ್ಧ ಗಂಟೆ ಇತ್ತು. ಮೈದಾನದ ಹಿಂದಿನ ಬೀದಿಯಲ್ಲೇ ಅಕ್ಕನ ಮನೆ. ವನಮಾಲಾ ಜಗುಲಿಯಲ್ಲಿ ಕೂತು, ಪ್ರೆಸ್ಸಿನಿಂದ ತಂದ ನೋಟ್‌ಬುಕ್ಕುಗಳ ಬೆನ್ನು ಹೊಲಿಯುತ್ತಿದ್ದಳು. ನನ್ನನ್ನು ನೋಡಿ ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟಳು. “ಕಾಲು ಒರೆಸ್ಕೊಳ್ಳಿ, ಕೆಸರಿದೆ,” ಎಂದಳು. ಒರೆಸಿಕೊಂಡು ಮೆಟ್ಟಿಲ ಮೇಲೆ ಕೂತೆ.

“ಅವತ್ತು ನೀನು ಬರ್ತೀನಿ ಅಂದೆ. ನಾನು ಉತ್ತರ ಕೊಡ್ಲಿಲ್ಲ,” ಎಂದೆ.

“ಗೊತ್ತು. ತಿರುವಿನ ತನಕ ನಿಧಾನವಾಗೇ ನಡೆದೆ.”

“ಉತ್ತರ ಇಲ್ದಿದ್ರೂ ನೀನು ಬರಬಹುದಿತ್ತು.”

“ಬರಬಹುದಿತ್ತು,” ಎಂದಳು. ನೋಟ್‌ಬುಕ್ಕಿನ ಅಂಚನ್ನು ಸರಿ ಮಾಡಿದಳು. “ಮೊದಲನೇ ತಿಂಗಳು ದಿನಾ ಸಂಜೆ ಬಸ್ ಬರೋ ಹೊತ್ತಿಗೆ ಇಲ್ಲೇ ಕೂತಿರ್ತಿದ್ದೆ. ನಿಮ್ಮನ್ನೂ ಅಲ್ಲಿ ಯಾರೂ ಕಟ್ಟಿ ಹಾಕಿರ್ಲಿಲ್ವಲ್ಲ.”

ಇದು ನನಗೆ ಹೊಳೆದೇ ಇರಲಿಲ್ಲ. ಮೂರು ವರ್ಷ ಅವಳು ಬರುವುದನ್ನು ಕಾದೆ, ಊರವರಿಗೆಲ್ಲ ಬಾ ಬಾ ಎಂದೆ, ದಿನಕ್ಕೆ ನಾಲ್ಕು ಬಸ್ಸು ಇಲ್ಲಿಗೆ ಬರುತ್ತಿದ್ದವು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಮೈದಾನದ ಕಡೆಯಿಂದ ನಮ್ಮ ಬಸ್ಸಿನ ಹಾರ್ನು ಕೇಳಿಸಿತು, ಎರಡನೆಯ ಸಲವೂ ಕೇಳಿಸಿತು. ಎದ್ದು ನಿಂತೆ. ಹೇಳಿದರೆ ಏನಾಗುತ್ತದೆ ಎಂದು ಗೊತ್ತಿತ್ತು, ಹೇಳಿಯೂ ಅವಳು ಸುಮ್ಮನಿದ್ದರೆ ಏನಾಗುತ್ತದೆ ಎಂದೂ ಗೊತ್ತಿತ್ತು. “ಬರ್ತೀನಿ,” ಎಂದೆ.

ಅವಳು ಮಾತಾಡಲಿಲ್ಲ. ಮೆಟ್ಟಿಲಿಳಿದು ನಡೆದೆ. ತಿರುವು ಆರು ಮನೆ ದೂರದಲ್ಲಿತ್ತು. ನಾಲ್ಕು ಮನೆ ದಾಟಿದೆ. ಐದನೆಯ ಮನೆಯ ಮುಂದೆ ಬಗ್ಗಿ, ಬಿಚ್ಚಿರದ ಬೂಟಿನ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದೆ.

“ಹ್ಞೂಂ,” ಎಂದಳು ಹಿಂದಿನಿಂದ. “ಬನ್ನಿ. ಭಾನುವಾರ ಬನ್ನಿ.”

ಬಸ್ಸಿನಲ್ಲಿ ಎಲ್ಲರೂ ಹಾಡುತ್ತಿದ್ದರು. ನಾನು ಗುರುಪಾದಪ್ಪನವರ ಪಕ್ಕದಲ್ಲಿ ಕೂತು ವಿಷಯ ಹೇಳಿದೆ. ಮುಂದಿನ ಸೀಟಿನವರು ಕೇಳಿಸಿಕೊಂಡು ಹಾಡು ನಿಲ್ಲಿಸಿದರು, ಆಮೇಲೆ ಬಸ್ಸಿಗೆ ಬಸ್ಸೇ ಸುಮ್ಮನಾಯಿತು. ಕೊನೆಯ ಪಂದ್ಯ ಭಾನುವಾರ ನಾಲ್ಕಕ್ಕೆ. ನಮ್ಮಲ್ಲಿ ಇನ್ನೊಬ್ಬ ಗೋಲ್‌ಕೀಪರ್ ಇಲ್ಲ. ಸಾಂಬಮೂರ್ತಿಯವರು ಎದ್ದು ಬಂದು, “ಸೋಮವಾರ ಆಗಲ್ವಂತಾ?” ಎಂದು ಕೇಳಿದರು. ಆಗುವುದಿಲ್ಲ ಎಂದೆ. ಅವರು ಅಲ್ಲೇ ಕಂಬಿ ಹಿಡಿದು ನಿಂತು ಲೆಕ್ಕ ಹಾಕಿದರು. ಪಂದ್ಯ ಮುಗಿಯುವುದು ಐದೂ ಮುಕ್ಕಾಲಿಗೆ, ಕೊನೆಯ ಬಸ್ಸು ಆರೂಕಾಲಿಗೆ, ತಲುಪುವುದು ಎಂಟೂಕಾಲಿಗೆ, ಆಗಲೂ ಭಾನುವಾರವೇ. ಕಾಲು ಅಲ್ಲಿಯವರೆಗೆ ಕಾಯುತ್ತದೆ, ಗ್ಯಾರಂಟಿ ಎಂದರು. ಲೆಕ್ಕ ಸರಿಯಾಗಿತ್ತು. ಬಸ್ಸಿನಲ್ಲಿ ಮತ್ತೆ ಹಾಡು ಶುರುವಾಯಿತು.

ಗುರುಪಾದಪ್ಪ ಮಾತ್ರ ಹಾಡಲಿಲ್ಲ. ತುಸು ಹೊತ್ತಾದ ಮೇಲೆ, “ಟೈಮ್ ಹೇಳ್ಯಾರೇನ್ರಿ ಅವರು?” ಎಂದು ಕೇಳಿದರು.

“ಇಲ್ಲ. ಭಾನುವಾರ ಅಂತಷ್ಟೇ.”

“ಹಂಗಾರ ಮುಂಜಾನೆ ಬಸ್ಸಿಗೇ ಹೋಗ್ರಿ. ಸಂಜೀಕ ಹೋದ್ರ, ಮ್ಯಾಚ್ ಮುಗಿಸಿ ಬಂದ್ರು ಅಂತಾರ.”

“ನಿಮ್ಮ ಕೆಲಸ ಹೋಗುತ್ತೆ ಸಾರ್.”

“ಹೋಗ್ತೀನಿ ಅಂತ ಮೊದಲ ಹೇಳೀನಲ್ರಿ,” ಎಂದು ಕಿಟಕಿಯ ಕಡೆ ತಿರುಗಿದರು.

ವಾರವಿಡೀ ಅಂಗಡಿಗೆ ಜನ ಬಂದರು. ಕಟ್ಟು ಹಾಕಿಸುವ ನೆಪದಲ್ಲಿ ಫೋಟೋ ತಂದು, ಆರೂಕಾಲಿನ ಬಸ್ಸು ಎಷ್ಟು ಚೆನ್ನಾಗಿದೆ, ಎಷ್ಟು ಖಾಲಿ ಇರುತ್ತದೆ ಎಂದು ಹೇಳಿದರು. ಜಬೀವುಲ್ಲಾ ಒಬ್ಬನೇ ಏನೂ ಹೇಳದೆ ಒಂದು ಪೊಟ್ಟಣ ಖಾರಾ ಬಿಸ್ಕತ್ತು ಇಟ್ಟುಹೋದ. ದಾರಿಗೆ ಎಂದು ಹೇಳಲಿಲ್ಲ, ನನಗೆ ಅರ್ಥವಾಯಿತು. ಗುರುಪಾದಪ್ಪ ಆರು ಮಾಜಿಗಳಲ್ಲಿ ಎತ್ತರವಾಗಿದ್ದ ಐವತ್ತೆಂಟು ವರ್ಷದ ಪುಟ್ಟಲಿಂಗಯ್ಯನವರನ್ನು ಎಬ್ಬಿಸಿ ಗೋಲಿನಲ್ಲಿ ನಿಲ್ಲಿಸಿ, ಯಾರು ಏನಂದರೂ ಟೈಮು ಹೇಳುವುದನ್ನು ಕಲಿಸತೊಡಗಿದರು.

ಪಂದ್ಯ ಏನಾಯಿತೆಂದು ಬೇರೆಯವರನ್ನು ಕೇಳಿ, ನಾನಿರಲಿಲ್ಲ. ಭಾನುವಾರ ಬೆಳಿಗ್ಗೆ ಒಂಬತ್ತರ ಬಸ್ಸಿಗೆ ನಿಂತಿದ್ದೆ, ಬಿಸ್ಕತ್ತಿನ ಪೊಟ್ಟಣ ಕೈಯಲ್ಲಿತ್ತು. ಬಸ್ಸು ಬಂದಾಗ ಕಾಲುಗಳನ್ನು ನೋಡಿಕೊಂಡೆ. ತೆಪ್ಪಗಿದ್ದವು. ಸಾಂಬಮೂರ್ತಿಯವರು ಹೇಳಿದ ಹಾಗೆ ಸಂಜೆ ಆರೂಕಾಲಿನ ತನಕ ಅವಕ್ಕೆ ಅವಸರವಿರಲಿಲ್ಲ. ನಾನೇ ಹತ್ತಿದೆ.